ಕಾಶಿರಾಯನ ಕಾಲು ನೆಲಕ್ಕ ಹತ್ತಿದ ದಿವಸ

ಮೊದಲೇ ಹೇಳಿಬಿಡ್ತೀನಿ, ನಾ ಯಾರನ್ನೂ ಸುಮ್ಮಸುಮ್ಮನ ಹೊಗಳೋ ಮನಿಷಾ ಅಲ್ಲ. ಕಮಲಾಪುರ ಬಸ್‌ಸ್ಟ್ಯಾಂಡ್ ಎದುರು ಮೂವತ್ತೈದು ವರ್ಷ ಸೈಕಲ್ ಅಂಗಡಿ ನಡೆಸೀನಿ, ಬಾಜೂಕ ಮೈಕ್ ಸೆಟ್ ಬಾಡಗಿಗೆ ಕೊಡ್ತಿದ್ದೆ. ಲಗ್ನದಾಗ, ಉರುಸಿನ್ಯಾಗ, ಇಲೆಕ್ಷನ್‌ದಾಗ ದೊಡ್ಡ ದೊಡ್ಡ ಮಂದಿ ನನ್ನ ಮೈಕ್ ಹಿಡಿದು ಮಾತಾಡ್ಯಾರ. ಒಬ್ಬರ ಮಾತಿಗೂ ನನ್ನ ಮೈಮ್ಯಾಲಿನ ಕೂದಲು ಎದ್ದಿಲ್ಲ. ಹಮಾಲ ಕಾಶಿರಾಯ ಒಬ್ಬನ ಮುಂದ ಮಾತ್ರ ಬಾಯಿ ತೆರದು ನಿಂತೀನಿ. ನಮ್ಮ ಶಫಿ ಮಾವಗ ವಯಸ್ಸಾತು, ಏನೇನೋ ಹೇಳ್ತಾನ ಅಂತ ನನ್ನ ಸೊಸಿ ನಗ್ತಾಳ. ನಗಲಿ ಬಿಡ್ರಿ, ಅಕಿ ಆಗ ಇನ್ನಾ ತೊಟ್ಟಿಲದಾಗ ಇದ್ದಳು.

ಕಾಶಿರಾಯ ನಮ್ಮೂರಿನವನೇ, ನನಗಿಂತ ಎರಡು ವರ್ಷ ದೊಡ್ಡವ. ಎಂಬತ್ತರ ಸುಮಾರಿಗೆ ಊರೂರು ತಿರುಗಿ ಸೈಕಲ್ ಆಟ ಆಡ್ತಿದ್ದ. ಈಗಿನ ಹುಡುಗರು ಅದನ್ನ ನೋಡಿಲ್ಲ. ಊರ ಬಯಲಾಗ ಸುಣ್ಣದ ಗೆರಿ ದುಂಡಗ ಹಾಕೋದು, ಅದರೊಳಗ ಒಬ್ಬಾಂವ ಸೈಕಲ್ ಹತ್ತಿದಾ ಅಂದ್ರ ಏಳು ದಿವಸ ಕಾಲು ಕೆಳಗಿಡಂಗಿಲ್ಲ. ಅದರ ಮ್ಯಾಲೇ ಊಟ, ಅದರ ಮ್ಯಾಲೇ ಝಳಕ, ಅದರ ಮ್ಯಾಲೇ ದಾಡಿ. ಸಂಜಿಮುಂದ ಮಂದಿ ಕೂಡಿದ ಮ್ಯಾಲ ಹ್ಯಾಂಡಲ್ ಮ್ಯಾಲ ಕಾಲಿಟ್ಟು ಓಡಿಸ್ತಿದ್ದ, ಹಲ್ಲಿನಿಂದ ನೀರಿನ ಕೊಡ ಎತ್ತುತಿದ್ದ. ಏಳನೇ ದಿನ ಇಳಿದಾಗ ಊರ ಮಂದಿ ಹಾರ ಹಾಕಿ, ಜ್ವಾಳ, ಬಟ್ಟಿಬರಿ ಕೊಟ್ಟು ಕಳಿಸೋರು.

ಎಂಬತ್ನಾಕರಾಗ ಇದ್ದಕ್ಕಿದ್ದಂಗ ಆಟ ಬಿಟ್ಟ. ಸೈಕಲ್ ತಂದು ನನ್ನ ಅಂಗಡಿ ಗ್ವಾಡಿಗಿ ಒರಗಿಸಿ, ನೀನೇ ಇಟ್ಕೋ ಅಂತ ಹೇಳಿ ಹೋದ. ಯಾಕಂತ ಕೇಳಿದ್ರ ಬಾಯಿ ಬಿಡಲಿಲ್ಲ. ಕಲಬುರಗಿ ಹಾದ್ಯಾಗ, ಕಪನೂರ ಕಡೆ ಒಂದು ದಾಲ್ ಮಿಲ್ಲಿನ್ಯಾಗ ಹಮಾಲಿ ಕೆಲಸಕ್ಕ ಸೇರಿಕೊಂಡ. ಲಗ್ನ ಆಗಲಿಲ್ಲ. ಮಿಲ್ಲಿನ ಶೆಡ್ಡಿನ್ಯಾಗ ಚೀಲದ ಮ್ಯಾಲ ಮಲಗೋದು, ನಸುಕಿನ್ಯಾಗ ಎದ್ದು ಚೀಲ ಹೊರೋದು, ಇಷ್ಟೇ ಅವನ ಬಾಳೇವು.

ಆ ಮಿಲ್ಲಿನ ಕಂಪೌಂಡ್ ಗ್ವಾಡಿಗಿ ಹತ್ತಿ ಹನ್ನೊಂದು ಜೋಪಡಿ ಇದ್ದವು, ಗೋಣಿಚೀಲ, ತಗಡು ಹಚ್ಚಿ ಕಟ್ಟಿದ್ದು. ಬ್ಯಾಳಿ ಹಸನ ಮಾಡೋ ಹನ್ನೊಂದು ಹೆಣ್ಮಕ್ಕಳು ಮಕ್ಕಳು ಮರಿ ಕಟ್ಟಿಕೊಂಡು ಅದರಾಗ ಇರ್ತಿದ್ದರು. ಅವರೊಳಗ ನೂರಜಹಾನ್ ಅಂತ ಒಬ್ಬಾಕಿ, ಗಂಡ ಸತ್ತಾಕಿ, ಬಾಯಿ ಭಾಳ ಜೋರು. ಪುತಳಾಬಾಯಿ ಅಂತ ಇನ್ನೊಬ್ಬಾಕಿ, ಎಲ್ಲರಕಿಂತ ಹಿರಿಯಾಕಿ. ತೊಂಬತ್ತೊಂದರಾಗ ಒಂದರ ಮ್ಯಾಲೊಂದು ಒಟ್ಟಿದ ತೊಗರಿ ಚೀಲದ ಥಪ್ಪಿ ಜಾರಿ ಕಾಶಿರಾಯನ ಬಲಗಾಲ ಮ್ಯಾಲ ಬಿತ್ತು. ಮೊಣಕಾಲ ಚಿಪ್ಪು ಒಡೀತು. ಮೂರು ತಿಂಗಳು ಹಾಸಿಗಿ ಹಿಡಿದ. ಆ ಹನ್ನೊಂದು ಮಂದಿ ಪಾಳಿ ಹಚ್ಚಿ ರೊಟ್ಟಿ ಮುಟ್ಟಿಸಿದರು. ಇವತ್ತು ನೂರಜಹಾನ್, ನಾಳಿ ಪುತಳಾಬಾಯಿ, ನಾಡಿದ್ದು ಮತ್ತೊಬ್ಬಾಕಿ. ತಮಗ ಒಲಿ ಹೊತ್ತದ ದಿನಾನೂ ಅವನ ಪಾಳಿ ತಪ್ಪಿಸಲಿಲ್ಲ. ಕಾಲು ಕೂಡಿತು, ಖರೇ, ಆದ್ರ ಮಡಚಿದಾಗೊಮ್ಮೆ ಕಟಕ್ ಅಂತಿತ್ತು.

ತೊಂಬತ್ನಾಕರ ಫೆಬ್ರುವರಿದಾಗ ಒಂದಿನ ಕಾಶಿರಾಯ ಒಂದು ಕಾಗದ ಹಿಡಕೊಂಡು ನನ್ನ ಅಂಗಡಿಗಿ ಬಂದ. ಓದು ಶಫಿ ಅಂದ. ಓದಿದೆ. ಆ ಹೆಣ್ಮಕ್ಕಳಿಗೆ ಎರಡು ವರ್ಷದ ಹಿಂದ ಸರಕಾರ ಕಪನೂರಿನ ಆಚಿಗಿ ಹನ್ನೊಂದು ಜಾಗ ಕೊಟ್ಟಿತ್ತು. ಪಾಯಾ ಮಾತ್ರ ತಾವೇ ಎಬ್ಬಿಸಿಕೊಳ್ಳಬೇಕು, ಇಂಜಿನಿಯರ್ ಬಂದು ಪಾಯಾ ನೋಡಿದ ಮ್ಯಾಲನೇ ಗ್ವಾಡಿ, ಮಾಳಗಿಗೆ ಸರಕಾರ ಕೈ ಹಚ್ಚೋದು. ಅದು ಮೊದಲಿಂದ ಗೊತ್ತಿದ್ದ ಮಾತೇ. ಈಗ ಬಂದ ಕಾಗದದಾಗ ಏನಿತ್ತಂದ್ರ, ಮಾರ್ಚ್ ಮೂವತ್ತೊಂದರ ಒಳಗ ಪಾಯಾ ಏಳದಿದ್ರ ಜಾಗ ವಾಪಸ್, ಬ್ಯಾರೆಯವರಿಗಿ ಹೋಗ್ತದ.

ಕಾಶಿರಾಯ ಅಂಗಡಿ ಮೆಟ್ಟಲ ಮ್ಯಾಲ ಕುಂತ. ಆಮ್ಯಾಲ, ಗೌಂಡಿ ಕೆಲಸ ಬರೋ ಇಬ್ಬರು ಹಮಾಲರು ಅದಾರ, ಮಣ್ಣು ಅಗಿಯಾಕ ಹೆಣ್ಮಕ್ಕಳೇ ಅದಾರ, ಕಲ್ಲೊಂದು ಸಿಕ್ಕರ ಹದಿನೈದು ದಿವಸದಾಗ ಎಬ್ಬಿಸ್ತೇವಿ ಅಂದ. ಅಂವಾ ಹಂಗ ಹೇಳಾಕತ್ತಾಗನ ಅಣವೀರಪ್ಪ ಸಾವಕಾರ ತಮ್ಮ ಮಗನ ಸೈಕಲ್ ರಿಪೇರಿ ಮಾಡಿಸಾಕ ಅಂಗಡಿಗಿ ಬಂದರು.

ಈ ಸಾವಕಾರರ ಬಗ್ಗೆ ಒಂದು ಮಾತು ಹೇಳಬೇಕು. ಕೆಟ್ಟವರಲ್ಲ, ಆದ್ರ ಬಾಯಿ ಹರಿತ. ಕೆಂಪು ಬಾಳಿ ತ್ವಾಟ ಇತ್ತು ಅವರದು. ಹಿಂದಿನ ವರ್ಷ ಅಲ್ಲಿ ಅರವತ್ತು ಫೂಟ ಬಾವಿ ತೋಡಿಸಿದ್ದರು. ಬಾವಿಯಿಂದ ತೆಗೆದ ಕರಿಕಲ್ಲು ಪಕ್ಕಕ್ಕ ಗುಡ್ಡ ಆಗಿ ಬಿದ್ದಿತ್ತು. ಒಡದು ರಸ್ತಾಕ್ಕ ಖಡಿ ಮಾಡಾಕ ಒಬ್ಬ ಕಂತ್ರಾಟದಾರ ಕೇಳಾಕತ್ತಿದ್ದ, ಇವರು ಇನ್ನಾ ಹೂಂ ಅಂದಿರಲಿಲ್ಲ. ಕಾಶಿರಾಯ ಎದ್ದು ನಿಂತು, ತಲಿಮ್ಯಾಲಿನ ಟವಲ್ ಕೈಯಾಗ ಹಿಡಿದು, ಆ ಕಲ್ಲು ಹನ್ನೊಂದು ಬಡವರ ಮನಿ ಪಾಯಾಕ್ಕ ಕೊಡ್ರಿ ಅಂತ ಕೇಳಿಕೊಂಡ. ಬಾಜೂಕಿನ ಹೋಟೆಲ್ಲಿನ್ಯಾಗ ಚಹಾ ಕುಡಿಯೋ ಮಂದಿ ಎಲ್ಲಾ ಕೇಳಿಸಿಕೊಳ್ಳಾಕತ್ತಿದ್ದರು. ಮಂದಿ ಮುಂದ ಕೇಳಿದ್ರ ಸಾವಕಾರರಿಗೆ ನಗಿಚಾಟಿಗಿ ಬರ್ತದ.

“ಮೊದಲ ಏಳೇಳು ದಿವಸ ಸೈಕಲ್ ಮ್ಯಾಲ ಇರ್ತಿದ್ದೆಲ್ಲೋ ಕಾಶ್ಯಾ. ಇನ್ನೊಮ್ಮೆ ಇರು. ಏಳು ದಿವಸ ಕಾಲು ನೆಲಕ್ಕ ಹತ್ತಲಿಲ್ಲಂದ್ರ ಆ ಗುಡ್ಡ ನಿಂದು,” ಅಂದರು.

ಎಲ್ಲಾರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕ ಹೇಳಲಿ. ನಲವತ್ತೆಂಟು ವರ್ಷದ, ಕುಂಟಕೋತ ನಡಿಯೋ ಹಮಾಲ. ಕಾಶಿರಾಯ ನಗಲಿಲ್ಲ. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕ ಸಂತಿ ಬಯಲಾಗ ಹತ್ತತೀನಿ ಸಾವಕಾರ್ರ, ಬಂದು ನೋಡ್ರಿ ಅಂದ. ಅವರು ಹೋದ ಮ್ಯಾಲ ನಾ ಅವನ ಮ್ಯಾಲ ಬಾಯಿ ಮಾಡಿದೆ. ತಲಿ ಕೆಟ್ಟದೇನು, ಮೊಣಕಾಲು ಮುರಕೊಂಡು ಸಾಯ್ತೀ ಅಂದೆ. ನನ್ನ ಸೈಕಲ್ ಇನ್ನಾ ಅದನೋ ಇಲ್ಲೋ, ಅಷ್ಟು ಹೇಳು ಅಂದ. ಇತ್ತು. ಹತ್ತು ವರ್ಷ ಅಟ್ಟದ ಮ್ಯಾಲ ಇಟ್ಟಿದ್ದೆ. ಎರಡು ದಿವಸ ಕುಂತು ಟೈರು, ಚೈನು, ಬೇರಿಂಗು ಎಲ್ಲಾ ಹೊಸಾದು ಹಾಕಿಕೊಟ್ಟೆ.

ಇಪ್ಪತ್ತೆಂಟನೇ ತಾರೀಖು ಸೋಮವಾರ. ಸಂತಿ ಬಯಲಾಗ ಸುಣ್ಣದ ಗೆರಿ ಹಾಕಿದ್ವಿ. ಬೇವಿನ ಗಿಡಕ್ಕ ನನ್ನ ಲೌಡ್‌ಸ್ಪೀಕರ್ ಕಟ್ಟಿದೆ. ಒಂದು ಕರಿ ಹಲಗಿ ನಿಲ್ಲಿಸಿ, ಎಷ್ಟನೇ ದಿನ ಅನ್ನೋದನ್ನ ಸುಣ್ಣದ ಕಡ್ಡಿಲೆ ಬರಿಯೋ ಕೆಲಸ ನಂದೇ. ನೋಡಾಕ ಬಂದವರು ಇಪ್ಪತ್ತು ಮಂದಿ. ಅವರಾಗೂ ಅರ್ಧ ನಗಾಕ ಬಂದವರು. ಕಾಶಿರಾಯ ಹ್ಯಾಂಡಲ್ ಮುಟ್ಟಿ ಹಣಿಗಿ ಹಚ್ಚಿಕೊಂಡು ಹತ್ತಿದ. ಮೊದಲನೇ ಸುತ್ತಿಗೇ ಮೊಣಕಾಲು ಕಟಕ್ ಅಂದದ್ದು ನನಗ ಕೇಳಿಸ್ತು.

ಎಲ್ಲರೂ ಕೇಳ್ತಾರ, ಅದಕ್ಕ ಹೇಳಿಬಿಡ್ತೀನಿ. ದೇಹಬಾಧೆಗೆ ಏನು ಮಾಡ್ತಿದ್ದಾ ಅಂದ್ರ, ಗೆರಿ ಒಳಗ ಒಂದು ಬಾಜೂಕ ಪರದೆ ಕಟ್ಟಿ ಒಳಗ ಎರಡು ಹಲಗಿ ಎತ್ತರಕ್ಕ ಇಟ್ಟಿದ್ವಿ, ಸೈಕಲ್ ಒರಗಿಸಿ ಹಲಗಿ ಮ್ಯಾಲ ಕಾಲಿಡಬಹುದು, ನೆಲದ ಮ್ಯಾಲಲ್ಲ. ನಿದ್ದಿಗೆ, ನಡುವ ಒಂದು ಬೊಂಬು ನೆಟ್ಟಿದ್ವಿ. ಅದನ್ನ ಅಪ್ಪಿಕೊಂಡು ಸೀಟಿನ ಮ್ಯಾಲೇ ಒಂದೊಂದು ಹತ್ತು ನಿಮಿಷ ಕಣ್ಣು ಮುಚ್ಚತಿದ್ದ. ಏಳು ದಿವಸ ಅಂವಾ ಮಾಡಿದ ನಿದ್ದಿ ಅಷ್ಟೇ. ನಾ ಕುಂತಲ್ಲೇ ಗೊರಕಿ ಹೊಡೀತಿದ್ದೆ, ಎಚ್ಚರಾಗಿ ನೋಡಿದ್ರ ಅಂವಾ ತಿರುಗಾಕತ್ತಿರ್ತಿದ್ದ.

ಮೂರನೇ ದಿನ ಮಧ್ಯಾಹ್ನ ಜಾಲಿ ಮುಳ್ಳು ಹೊಕ್ಕು ಹಿಂದಿನ ಗಾಲಿ ಗಾಳಿ ಹೋತು. ಮುಗೀತು ಅಂದೆ ನಾ. ಕಾಶಿರಾಯ ತಣ್ಣಗ, ಇನ್ನೊಂದು ಸೈಕಲ್ ಹತ್ತಿ ನನ್ನ ಬಾಜೂಕ ಬಾ ಶಫಿ ಅಂದ. ಹೋದೆ. ಇಬ್ಬರೂ ಜೋಡಿಲೆ ಎರಡು ಸುತ್ತು ತಿರುಗಿದ್ವಿ. ಮೂರನೇ ಸುತ್ತಿಗೆ ಅಂವಾ ನನ್ನ ಹೆಗಲ ಮ್ಯಾಲ ಒಂದು ಕೈ ಇಟ್ಟು, ಆ ಮುರಕಾ ಕಾಲು ಎತ್ತಿ, ಅವನ ಸೈಕಲ್‌ನಿಂದ ನನ್ನ ಕ್ಯಾರಿಯರ್ ಮ್ಯಾಲ ಬಂದು ಕುಂತ. ಖಾಲಿ ಸೈಕಲ್ ತಾನೇ ನಾಕು ಮಾರು ಹೋಗಿ ಬಿತ್ತು. ನಾ ತುಳೀತಾ, ಅಂವಾ ಕ್ಯಾರಿಯರ್ ಮ್ಯಾಲ, ಹಮೀದ್ ಅಂತ ನನ್ನ ಅಂಗಡಿಯಾಂವ ಪಂಕ್ಚರ್ ತೆಗೆದ. ಆಮ್ಯಾಲ ಹಮೀದ್ ಸೈಕಲ್ ಹೊಡಕೋತ ಬಂದ, ಕಾಶಿರಾಯ ಮತ್ತ ಹಂಗೇ ತನ್ನ ಸೈಕಲ್ಲಿಗಿ ದಾಟಿ ಹೋದ. ಅವತ್ತು ಸಂಜಿಗೆ ಬಯಲಾಗ ಇನ್ನೂರು ಮಂದಿ ಇದ್ದರು. ಒಬ್ಬರೂ ನಗಲಿಲ್ಲ. ಸಾವಕಾರರೂ ಬಂದು ದೂರ ಗಿಡದ ಬುಡಕ ನಿಂತಿದ್ದರು.

ನಾಕನೇ ದಿನ ಬಿಸಲು ಕಣ್ಣು ಕುಕ್ಕಾಕತ್ತಿತ್ತು. ಬಯಲಾಗ ನಾವಿಬ್ಬರೇ. ನಾ ಕೊಡಿ ಹಿಡಿದು ಅವನ ಬಾಜೂಕ ನಡಿಯಾಕತ್ತಿದ್ದೆ. ಆಟ ಯಾಕ ಬಿಟ್ಟಿದ್ದಿ ಅಂತ ಮತ್ತ ಕೇಳಿದೆ. ಅವತ್ತು ಹೇಳಿದ. ಎಂಬತ್ನಾಕರಾಗ, ಹುಮನಾಬಾದ ಕಡೆ ಒಂದು ಹಳ್ಳ್ಯಾಗ, ಐದನೇ ದಿನ ತೂಕಡಿಕಿ ಬಂದು ಕಾಲು ಕೆಳಗ ಬಿದ್ದಿತ್ತಂತ. ಯಾರೂ ನೋಡಿರಲಿಲ್ಲ. ಇಂವಾ ಸುಮ್ಮನ ಮತ್ತ ತುಳದ. ಏಳನೇ ದಿನ ಇಳಿದಾಗ ಊರ ಮಂದಿ ಮೆರವಣಿಗಿ ಮಾಡಿದರು. ಒಬ್ಬ ಮುದುಕಿ ಬಂದು ಕಾಲು ಮುಟ್ಟಿ ಕಣ್ಣಿಗೆ ಹಚ್ಚಿಕೊಂಡಳು.

“ಯಾವ ಕಾಲು ಕೆಳಗ ಬಿದ್ದಿತ್ತೋ, ಅದೇ ಕಾಲು ಶಫಿ,” ಅಂದ.

ನಂದೇ ಆಗಿದ್ರ ಎರಡು ದಿನದಾಗ ಮರತು ಬಿಡ್ತಿದ್ದೆ. ಇಂವಾ ಹತ್ತು ವರ್ಷ ಎದಿಯಾಗ ಇಟ್ಕೊಂಡು ಚೀಲ ಹೊತ್ತಿದ್ದ.

ಐದನೇ ದಿನದಿಂದ ಮಂದಿ ಬ್ಯಾರೆ ರೀತಿ ನೋಡಾಕ ಸುರು ಮಾಡಿದರು. ಇದು ನಮ್ಮ ಕಡಿಯ ಮಂದಿ ಗುಣ, ಯಾರನ್ನಾದ್ರೂ ಹೊಗಳಾಕ ಹತ್ತಿದ್ರ ಮನಿಷಾ ಅಂತ ಬಿಡಂಗಿಲ್ಲ, ದೇವರ ಮಾಡೇ ಬಿಡ್ತಾರ. ಸುತ್ತ ಹಳ್ಳಿಯಿಂದ ಬಂಡಿ ಕಟ್ಟಿಕೊಂಡು ಬಂದರು. ಟೆಂಗಿನಕಾಯಿ ತಂದರು, ಊದಿನಕಡ್ಡಿ ತಂದರು, ಕೂಸು ತಂದು ಅವನ ನೆಳ್ಳಿಗಿ ಹಿಡಿದರು. ಎಲ್ಲಾರಿಗೂ ಗೆರಿ ದಾಟಿ ಒಳಗ ಬಂದು ಅವನ ಕಾಲು ಮುಟ್ಟಬೇಕು ಅನ್ನೋ ಹುಚ್ಚು. ಕಾಶಿರಾಯಗ ಸಿಟ್ಟು ಬರ್ತಿತ್ತು. ನಾ ಚೀಲ ಹೊರೋ ಹಮಾಲ, ದೂರ ಸರೀರಿ ತಾಯಿ ಅಂತ ಬೈತಿದ್ದ. ನನಗೂ ಬೈದು ಬೈದು ಗಂಟಲು ಹರೀತು. ಮೈಕ್ ಹಿಡಿದು, ಗೆರಿ ದಾಟಬ್ಯಾಡ್ರಿ, ಏ ಮುದುಕಿ ಹಿಂದ ಸರಿ, ಏ ತಮ್ಮಾ ಕೂಸು ತಗಿ ಅಂತ ಮೂರು ದಿವಸ ಒದರಿದೆ. ಯಾರಾದ್ರೂ ಅಡ್ಡ ಬಂದ್ರ ಅಂವಾ ಬೀಳ್ತಾನ, ಬಿದ್ದರ ಹನ್ನೊಂದು ಮನಿ ಹೋದವು. ಅದು ನನ್ನ ತಲ್ಯಾಗ ಕುಂತುಬಿಟ್ಟಿತ್ತು.

ಏಳು ದಿವಸ ತುಂಬೋ ಸೋಮವಾರ, ಕಪನೂರಿನಿಂದ ಹನ್ನೊಂದೂ ಹೆಣ್ಮಕ್ಕಳು ಬಂದು ಬೇವಿನ ಗಿಡದ ಕೆಳಗ ಸಾಲಾಗಿ ಕುಂತಿದ್ದರು. ನೂರಜಹಾನ್ ಅವನ ಕಾಲಿನ ಮ್ಯಾಲಿಂದ ಕಣ್ಣು ತಗೀಲಿಲ್ಲ. ಕಾಶಿರಾಯನ ಮೊಣಕಾಲು ಬಾತು ದುಂಡಗಾಗಿತ್ತು, ತುಟಿ ಒಡೆದಿತ್ತು, ಕಣ್ಣು ತೆರೆದೇ ಇದ್ದವು ಆದ್ರ ಯಾರನ್ನೂ ನೋಡತಿರಲಿಲ್ಲ. ಬರೇ ಕಾಲು ತಿರುಗಾಕತ್ತಿದ್ದವು. ಹನ್ನೆರಡಕ್ಕ ಹದಿನೈದು ನಿಮಿಷ ಇತ್ತು.

ಆವಾಗ ಅಣವೀರಪ್ಪ ಸಾವಕಾರ ಬಂದರು. ಬಿಳಿ ಧೋತರ, ಹೆಗಲ ಮ್ಯಾಲ ಹೊಸಾ ಶಾಲು, ಕೈಯಾಗ ಹಾರ. ಮಂದಿ ಸರಿದು ದಾರಿ ಬಿಟ್ಟರು. ಅವರು ಗೆರಿ ಹತ್ತರ ನಿಂತು ಕಾಶಿರಾಯನ್ನ ಒಂದು ಸುತ್ತು ನೋಡಿದರು, ಎರಡು ಸುತ್ತು ನೋಡಿದರು. ಮಾರಿ ಮ್ಯಾಲ ಕಣ್ಣೀರು ಇಳೀತಿತ್ತು ಅವರಿಗೆ. ನಾ ಹಂತ್ಯಾಕ ಇದ್ದೆ, ಕಣ್ಣಾರೆ ನೋಡೀನಿ. ಆಮ್ಯಾಲ ಚಪ್ಪಲಿ ಬಿಟ್ಟು ಗೆರಿ ದಾಟಿದರು.

ನನ್ನ ಕೈಯಾಗ ಮೈಕ್ ಇತ್ತು. ಒಂದೇ ಒಂದು ಸಲ ಒದರಿದ್ರ ಸಾಕಿತ್ತು. ಮೂರು ದಿವಸ ಬಡವರ ಮುದುಕೇರಿಗೆ, ಕೂಸಿನ ತಾಯೇರಿಗೆ ಹಿಂದ ಸರೀರಿ ಅಂತ ಒದರಿದ ಬಾಯಿ, ಸಾವಕಾರರಿಗೆ ಒದರಲಿಲ್ಲ. ಊರ ಸಾವಕಾರ, ಬಾಜಿ ಕಟ್ಟಿದವರೇ ಅವರು, ಅವರಿಗೇನು ಹೇಳೋದು ಅಂತ ನಾಲಿಗಿ ಒಳಗೇ ಉಳೀತು. ಅವರು ನಡುವ ಹಾದ್ಯಾಗ ಉದ್ದಕ್ಕ ಅಡ್ಡಬಿದ್ದರು, ನಮಸ್ಕಾರ ಮಾಡಾಕ. ಕಾಶಿರಾಯ ತಿರುವಿನಿಂದ ಬಂದವ ಎರಡು ಮಾರು ದೂರದಾಗ ಅವರನ್ನ ನೋಡಿದ. ಮನಿಷಾನ ಮ್ಯಾಲ ಗಾಲಿ ಹಾಯಿಸಬೇಕು, ಇಲ್ಲಾ ಹ್ಯಾಂಡಲ್ ಹೊರಳಿಸಬೇಕು. ಹೊರಳಿಸಿದ. ಸೈಕಲ್ ವಾಲಿತು, ಬಲಗಾಲು ಹೋಗಿ ನೆಲಕ್ಕ ಹತ್ತಿತು.

ಸಾವಿರ ಮಂದಿ ಇದ್ದರು. ಎಲ್ಲಾರೂ ನೋಡಿದರು. ಮಣ್ಣಿನ್ಯಾಗ ಐದೂ ಬೆರಳು ಮೂಡಿದ್ದವು.

ಸಾವಕಾರರು ಎದ್ದು ನೋಡಿ ಹಣಿ ಹಣಿ ಬಡಕೊಂಡರು. ತಪ್ಪು ನಂದು ಕಾಶಿರಾಯ, ಇದು ಲೆಕ್ಕಕ್ಕ ಇಲ್ಲ, ಗುಡ್ಡ ನಿಂದೇ, ಇವತ್ತೇ ಟ್ರ್ಯಾಕ್ಟರ್ ಕಳಿಸ್ತೀನಿ ಅಂದರು. ಮಂದಿ ಎಲ್ಲಾ ಹೌದು ಹೌದು ಅಂತು. ನಾನೂ ಮೈಕಿನ್ಯಾಗ ಹೌದು ಅಂದೆ, ನನ್ನ ತಪ್ಪು ಮುಚ್ಚಿಕೊಳ್ಳಾಕ. ಕಾಶಿರಾಯ ತನ್ನ ಹೆಜ್ಜಿ ಗುರುತು ನೋಡಕೋತ ನಿಂತಿದ್ದ.

“ಕಾಲು ನೆಲಕ್ಕ ಹತ್ತೇದ ಸಾವಕಾರ್ರ,” ಅಂದ. “ಯಾರೂ ನೋಡದಿದ್ದಾಗ ಒಮ್ಮೆ ಸುಮ್ಮನಿದ್ದೆ. ಇವತ್ತು ಎಲ್ಲಾರೂ ನೋಡ್ಯಾರ. ಇವತ್ತೂ ಸುಮ್ಮನಿರಲೇನು?”

ಆಗ ನೂರಜಹಾನ್ ಎದ್ದು ಬಂದಳು. ಗೆರಿ ತನಕ ಬಂದು ನಿಂತಳು, ದಾಟಲಿಲ್ಲ. ಕೊಡೋರು ಕೊಡ್ತೀನಂದ್ರೂ ಒಲ್ಲೆ ಅಂತೀಯಲ್ಲ ಭಾಯಿ, ನಿನ್ನ ಖರೇತನ ನನ್ನ ಮಕ್ಕಳ ತಲಿ ಮ್ಯಾಲ ಮಾಳಗಿ ಆಗ್ತದೇನು ಅಂತ ಕೇಳಿದಳು. ಸರಿಯಾಗೇ ಕೇಳಿದಳು ಅಂತ ನನಗ ಈಗೂ ಅನಸ್ತದ.

“ಆಗ್ತದವ್ವಾ. ಇನ್ನೇಳು ದಿವಸ ಕೊಡು,” ಅಂದ ಕಾಶಿರಾಯ. ಅಂದವನೇ ಸೈಕಲ್ ಎತ್ತಿ ಮತ್ತ ಹತ್ತಿದ.

ನನ್ನ ಕಡೆ ನೋಡಿ, ಹಲಗಿ ಅಳಸು ಶಫಿ ಅಂದ. ನನಗ ಏನಾತು ಅಂತ ಹೆಂಗ ಹೇಳಲಿ. ಆ ಏಳರ ಅಂಕಿ ಅಂಗೈಲೆ ಒರಸಿ, ಅಲ್ಲಿ ಸೊನ್ನಿ ಬರದೆ. ಬರದು ಗಿಡದ ಕಡೆ ಮಾರಿ ಮಾಡಿ ನಿಂತು ಅತ್ತೆ. ಇಷ್ಟು ದೊಡ್ಡ ಮನಿಷಾನ್ನ ಕ್ಯಾರಿಯರ್ ಮ್ಯಾಲ ಹೊರೋ ಭಾಗ್ಯ ನನಗ ಯಾಕ ಕೊಟ್ಟಿ ಅಲ್ಲಾ ಅಂತ ಕೇಳಿದೆ. ಇದರಾಗ ನಾಚಿಕಿ ಪಡೋದು ಏನೂ ಇಲ್ಲ.

ಅಂವಾ ಒಂದು ಸುತ್ತು ತಿರುಗಿದ, ಹತ್ತು ಸುತ್ತು ತಿರುಗಿದ. ಸಾವಕಾರರು ಧೋತರ ಎತ್ತಿ ಹಿಡಿದು ಅವನ ಸೈಕಲ್ ಬಾಜೂಕ ಓಡಾಕತ್ತರು. ಇಳಿಯೋ ಮಾರಾಯಾ, ನಿನ್ನ ಕೈ ಮುಗೀತೀನಿ, ಕಾಲು ಹೋಗ್ತದ ನಿಂದು ಅಂತ. ಅರವತ್ತು ವರ್ಷದ ಸಾವಕಾರ, ಒಬ್ಬ ಹಮಾಲನ ಬೆನ್ನತ್ತಿ ಊರ ಮುಂದ ಓಡೋದು ಕಮಲಾಪುರದಾಗ ಅದಕ್ಕೂ ಮೊದಲು ಯಾರೂ ನೋಡಿರಲಿಲ್ಲ. ಗೆಲ್ಲದ್ದು ತೊಗೊಳ್ಳಂಗಿಲ್ರಿ ಅಂತ ಕಾಶಿರಾಯ ಅಂತಾನೇ ಇದ್ದ. ಹಿಂಗ ಒಂದು ತಾಸು ನಡೀತು. ಆ ಮೊಣಕಾಲ ಸಪ್ಪಳ ಈಗ ಮಂದಿಗೂ ಕೇಳಸ್ತಿತ್ತು.

ಕಡೀಕ ಸಾವಕಾರರು ನಿಂತರು. ಸೊಂಟದ ಮ್ಯಾಲ ಕೈ ಇಟ್ಟು ತೇಕು ಬಿಟ್ಟರು. ಆಮ್ಯಾಲ ಏನೋ ಹೊಳೆದವರಂಗ ಬಯಲಿನ ಅಂಚಿಗಿ ಹೋಗಿ ಒಂದು ಕರಿಕಲ್ಲು ಆರಿಸಿಕೊಂಡು ಬಂದರು. ಹೊಸಾ ಶಾಲಿನ್ಯಾಗ ಅದನ್ನ ಇಟ್ಟುಕೊಂಡು, ಬೇವಿನ ಗಿಡದ ಕೆಳಗ ನೂರಜಹಾನಳ ಮುಂದ ಬಂದು ನಿಂತರು. “ಇದು ಬಾಜಿದಲ್ಲವ್ವಾ, ಕಾಶಿರಾಯ ಗೆದ್ದದ್ದೂ ಅಲ್ಲ, ನಿಮ್ಮ ಹನ್ನೊಂದು ಪಾಯಾಕ್ಕ ನಾ ಕೊಡೋ ಮೊದಲನೇ ಕಲ್ಲು,” ಅಂತ ಅವರು ಅಂದದ್ದು ಕೇಳಿ ಕಾಶಿರಾಯ ಬ್ರೇಕ್ ಹಿಡಿದು, ತಾನಾಗೇ ಕಾಲು ನೆಲಕ್ಕಿಟ್ಟ.